ಬಾಗಿಲಲ್ಲೇ ಹೇಳಬೇಕಾದ ಶರತ್ತುಗಳು: ವಿದೇಶಿ ಹೂಡಿಕೆ ಮತ್ತು ನಮ್ಮ ಕಾನೂನು

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶ ನಡೆಯಿತು. ಕೊನೆಯ ದಿನ ಸರ್ಕಾರ ಪ್ರಕಟಿಸಿದ ಅಂಕಿ 10.27 ಲಕ್ಷ ಕೋಟಿ ರೂಪಾಯಿ. ನಿಮ್ಮಲ್ಲಿ ಹೆಚ್ಚಿನವರು ಮರುದಿನದ ಪತ್ರಿಕೆಯಲ್ಲಿ ಅದನ್ನು ಓದಿರುತ್ತೀರಿ. ಅದರಲ್ಲಿ ದೇಶದ ಒಳಗಿನ ಕಂಪನಿಗಳದ್ದೂ ಇದೆ, ಹೊರಗಿನವರದ್ದೂ ಇದೆ. ಆದರೆ ಒಡಂಬಡಿಕೆಗೆ ಸಹಿ ಬಿದ್ದ ಮಾತ್ರಕ್ಕೆ ಹೂಡಿಕೆ ಆಯಿತೆಂದು ಯಾರೂ ತಿಳಿಯಬಾರದು. ಹೆಣ್ಣು ನೋಡಿ ಹೋದ ಮಾತ್ರಕ್ಕೆ ಲಗ್ನವಾಗುವುದಿಲ್ಲ. ಒಡಂಬಡಿಕೆ ಇರಾದೆಯನ್ನು ಮಾತ್ರ ಹೇಳುತ್ತದೆ. ಕಾನೂನಿನ ಕೆಲಸ ಶುರುವಾಗುವುದು ಆಮೇಲೆ. ಇವತ್ತಿನ ನನ್ನ ಮಾತು ಆ ಕೆಲಸದ ಬಗ್ಗೆ.

ನನಗೆ ಹೇಳಬೇಕೆನಿಸಿದ್ದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿದೇಶಿ ಹಣಕ್ಕೆ ಶರತ್ತು ಹಾಕುವ ಹಕ್ಕು ನಮಗೆ ಪೂರ್ತಿಯಾಗಿ ಇದೆ. ಆ ಹಕ್ಕನ್ನು ಚಲಾಯಿಸಬೇಕಾದದ್ದು ಹಣ ಒಳಗೆ ಬರುವ ಮುನ್ನ. ನಾವು ಬರುವಾಗ ಸುಮ್ಮನಿದ್ದು, ಬಂದ ಮೇಲೆ ಎಚ್ಚೆತ್ತುಕೊಳ್ಳುತ್ತೇವೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಭಾರತ ಸೋತ ದೊಡ್ಡ ಮೊಕದ್ದಮೆಗಳನ್ನು ತೆಗೆದು ನೋಡಿದರೆ ಮತ್ತೆ ಮತ್ತೆ ಕಾಣುವುದು ಇದೇ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1973ರಲ್ಲಿ ಫೆರಾ, ಅಂದರೆ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಂತು, 1974ರ ಜನವರಿ 1ರಿಂದ ಜಾರಿಯಾಯಿತು. ಇಲ್ಲಿದ್ದ ವಿದೇಶಿ ಕಂಪನಿಗಳು ಸಾಮಾನ್ಯವಾಗಿ ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬುದು ಅದರ ಮುಖ್ಯ ಒತ್ತಡ. ಕೋಕಾ ಕೋಲಾ 1977ರಲ್ಲಿ ಹೊರಟಿತು, ಐಬಿಎಂ ಅದರ ಬೆನ್ನಿಗೇ ಹೊರಟಿತು. ಬಹಳಷ್ಟು ಕಂಪನಿಗಳು ಪಾಲು ಇಳಿಸಿ ಇಲ್ಲೇ ಉಳಿದವು ಎಂಬುದನ್ನು ನಾವು ಮರೆಯುತ್ತೇವೆ. ಫೆರಾ ಕ್ರಿಮಿನಲ್ ಕಾಯ್ದೆ. ಡಾಲರ್ ಲೆಕ್ಕ ತಪ್ಪಿದರೆ ಜೈಲು. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಒತ್ತೆ ಇಡುವ ಸ್ಥಿತಿ ಬಂತು. ಆ ಜುಲೈ 24ರ ಕೈಗಾರಿಕಾ ನೀತಿ 34 ಉದ್ದಿಮೆಗಳಲ್ಲಿ ಶೇ 51ರವರೆಗೆ ವಿದೇಶಿ ಪಾಲಿಗೆ ತಾನಾಗಿಯೇ ಅನುಮತಿ ಸಿಗುವಂತೆ ಮಾಡಿತು. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ), 2000ದ ಜೂನ್ 1ರಿಂದ, ಫೆರಾದ ಜಾಗಕ್ಕೆ ಬಂತು. ಅದು ಸಿವಿಲ್ ಸ್ವರೂಪದ ಕಾಯ್ದೆ. ತಪ್ಪಿಗೆ ದಂಡ ಕಟ್ಟಬೇಕು.

ಈಗ ಹಣ ಒಳಗೆ ಬರುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ, ಜರ್ಮನಿಯವರೊಬ್ಬರು ಅದರಲ್ಲಿ ಹಣ ಹಾಕುತ್ತಾರೆ ಎಂದುಕೊಳ್ಳಿ. ಸಾಫ್ಟ್‌ವೇರ್‌ಗೆ ಸರ್ಕಾರದ ಮುಂಗಡ ಒಪ್ಪಿಗೆ ಬೇಕಿಲ್ಲ, ಶೇ 100ರವರೆಗೂ ತಾನಾಗಿ ಅನುಮತಿ. ಹಾಗಂತ ಕೈಗೆ ಕೈ ಬದಲಿಸುವ ವ್ಯವಹಾರವಲ್ಲ. ಷೇರಿಗೆ ಎಷ್ಟು ಬೆಲೆ ಎಂದು ಚಾರ್ಟರ್ಡ್ ಅಕೌಂಟೆಂಟ್ ಅಥವಾ ಮರ್ಚೆಂಟ್ ಬ್ಯಾಂಕರ್ ಬರೆದುಕೊಡಬೇಕು. ಆ ಬೆಲೆಗಿಂತ ಕಡಿಮೆಗೆ ವಿದೇಶಿಯರಿಗೆ ಷೇರು ಕೊಡುವಂತಿಲ್ಲ. ಹಣ ಬ್ಯಾಂಕಿನ ಮೂಲಕವೇ ಬರಬೇಕು. ಬಂದ 60 ದಿನಗಳೊಳಗೆ ಷೇರು ಹಂಚಬೇಕು, ಹಂಚಲಾಗದಿದ್ದರೆ ನಂತರದ 15 ದಿನಗಳಲ್ಲಿ ಹಣ ವಾಪಸ್. ಷೇರು ಹಂಚಿದ 30 ದಿನಗಳೊಳಗೆ ಎಫ್‌ಸಿ-ಜಿಪಿಆರ್ ಎಂಬ ನಮೂನೆಯನ್ನು ರಿಸರ್ವ್ ಬ್ಯಾಂಕಿಗೆ ಸಲ್ಲಿಸಬೇಕು. ನಿಮ್ಮಲ್ಲಿ ಕಂಪನಿ ಸೆಕ್ರೆಟರಿ ಓದುತ್ತಿರುವವರಿಗೆ ಈ ನಮೂನೆ ಮುಂದೆ ನಿತ್ಯದ ಸಂಗಾತಿ. ಹೊಸ ಕಂಪನಿಗಳು ಎಡವುವುದು ಇಲ್ಲೇ: ಹಣ ಬಂದ ಸಂಭ್ರಮದಲ್ಲಿ ದಿನಾಂಕ ದಾಟಿಹೋಗುತ್ತದೆ.

ಎಲ್ಲ ಕ್ಷೇತ್ರವೂ ಹೀಗೆ ತೆರೆದಿಲ್ಲ. ಲಾಟರಿ, ಜೂಜು, ಚಿಟ್ ಫಂಡ್, ಸಿಗರೇಟು ತಯಾರಿಕೆ ಇವಕ್ಕೆ ವಿದೇಶಿ ಹಣ ಬರುವಂತೆಯೇ ಇಲ್ಲ. ಕೆಲವಕ್ಕೆ ಮಿತಿ ಇದೆ. ವಿಮೆಯನ್ನು ತೆಗೆದುಕೊಳ್ಳಿ. ಮೊದಲು ಶೇ 26, 2015ರಲ್ಲಿ 49, 2021ರಲ್ಲಿ 74, 2025ರ ಬಜೆಟ್ಟಿನಲ್ಲಿ 100ರ ಘೋಷಣೆ. ಹಲವು ಬ್ರ್ಯಾಂಡ್‌ಗಳ ಚಿಲ್ಲರೆ ವ್ಯಾಪಾರಕ್ಕೆ 2012ರಲ್ಲಿ ಶೇ 51 ಬಿಟ್ಟರು. ಕನಿಷ್ಠ 10 ಕೋಟಿ ಡಾಲರ್ ತರಬೇಕು, ಖರೀದಿಯ ಶೇ 30 ಸಣ್ಣ ಉದ್ದಿಮೆಗಳಿಂದ ಆಗಬೇಕು, ರಾಜ್ಯ ಸರ್ಕಾರ ಒಪ್ಪಿರಬೇಕು. ಇದು ನನಗೆ ಮೆಚ್ಚಿಗೆಯಾಗುವ ರೀತಿ. ಶರತ್ತು ಸರಿಯೋ ತಪ್ಪೋ ಎಂದು ಜಗಳ ಆಡಬಹುದು, ಆದರೆ ಬಾಗಿಲಲ್ಲೇ ಹೇಳಿದ್ದೇವೆ. ಬೇಡದವರು ಬರಲಿಲ್ಲ. ಯಾರೂ ನಮ್ಮ ಮೇಲೆ ದಾವೆ ಹೂಡಲಿಲ್ಲ.

ಆನ್‌ಲೈನ್ ವ್ಯಾಪಾರದಲ್ಲಿ ಅಷ್ಟು ನೇರವಾಗಿ ನಡೆಯಲಿಲ್ಲ. ವಿದೇಶಿ ಹಣವಿರುವ ಜಾಲತಾಣ ಬರೀ ಸಂತೆ ಮೈದಾನವಾಗಿರಬೇಕು, ತಾನೇ ಸರಕು ಇಟ್ಟು ಮಾರಬಾರದು ಎಂಬುದು ನಿಯಮ. ಆದರೆ ದೊಡ್ಡ ತಾಣಗಳು ತಮ್ಮದೇ ಪಾಲಿರುವ ಬೇರೆ ಕಂಪನಿಗಳನ್ನು ಮಾರಾಟಗಾರರಾಗಿ ಕೂರಿಸಿದವು. 2018ರ ಡಿಸೆಂಬರ್ 26ರಂದು ಹೊಸ ಪ್ರೆಸ್ ನೋಟ್, ಅಂದರೆ ಹೂಡಿಕೆ ನೀತಿ ಬದಲಿಸುವ ಸರ್ಕಾರಿ ಪ್ರಕಟಣೆ ಬಂತು: ತಾಣಕ್ಕೆ ಪಾಲಿರುವ ಕಂಪನಿ ಆ ತಾಣದಲ್ಲಿ ಮಾರುವಂತಿಲ್ಲ. 2019ರ ಫೆಬ್ರುವರಿ 1ರಿಂದಲೇ ಜಾರಿ. ಐದು ವಾರ ಸಮಯ. ಉದ್ದೇಶ ಸರಿಯಿತ್ತು, ನಮ್ಮ ಬೀದಿಯ ಅಂಗಡಿಯವರ ದೂರು ನಿಜವಾದ ದೂರು. ಆದರೆ ವರ್ಷಗಟ್ಟಲೆ ಕಣ್ಣೆದುರು ನಡೆದದ್ದನ್ನು ಐದು ವಾರದಲ್ಲಿ ನಿಲ್ಲಿಸಹೊರಟರೆ, ಹೊರಗಿನವನಿಗೆ ಕಾಣುವುದು ನಿಯಮ ಬದಲಿಸುವ ದೇಶ.

ಇಲ್ಲಿ ನಮ್ಮ ಊರಿನದೇ ಒಂದು ಹಳೆಯ ಸಂಗತಿ ಹೇಳಬೇಕು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆಯಿತು. ಅಷ್ಟರಲ್ಲಾಗಲೇ, 1992ರ ಡಿಸೆಂಬರ್‌ನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಕಾರ್ಗಿಲ್ ಬೀಜ ಕಂಪನಿಯ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದಿದ್ದರು. ಕೆಎಫ್‌ಸಿ ವಿರುದ್ಧವೂ ರೈತ ಸಂಘ ಎದ್ದಿತು. ಆದರೆ ಅಂಗಡಿ ಮುಚ್ಚುವ ಆದೇಶ ಬಂದದ್ದು ನಗರ ಪಾಲಿಕೆಯಿಂದ. ಕಾರಣ: ಕೋಳಿಯಲ್ಲಿ ಮಿತಿಗಿಂತ ಹೆಚ್ಚು ಅಜಿನೊಮೊಟೊ. ಕಂಪನಿ ಹೈಕೋರ್ಟಿಗೆ ಹೋಗಿ ಬಾಗಿಲು ತೆರೆಸಿಕೊಂಡಿತು. ನೋಡಿ, ದೆಹಲಿ ಹೂಡಿಕೆಗೆ ಅನುಮತಿ ಕೊಟ್ಟಿದೆ. ಬೆಂಗಳೂರಿನ ಆರೋಗ್ಯಾಧಿಕಾರಿ ಲೈಸೆನ್ಸ್ ರದ್ದು ಮಾಡುತ್ತಾರೆ. ಬೀದಿಯಲ್ಲಿ ಜನ ಕೇಳುತ್ತಿದ್ದ ಪ್ರಶ್ನೆ ಬಹಳ ದೊಡ್ಡದು: ನಮ್ಮ ಬೀಜ, ನಮ್ಮ ಊಟ, ನಮ್ಮ ಜಮೀನಿನ ಬಗ್ಗೆ ತೀರ್ಮಾನ ಮಾಡುವವರು ಯಾರು? ಅದಕ್ಕೆ ನ್ಯಾಯಾಲಯದಲ್ಲಿ ಸಿಕ್ಕ ರೂಪ ಅಜಿನೊಮೊಟೊದ ಪ್ರಮಾಣ. ಆ ಪ್ರಶ್ನೆಯನ್ನು ನೀತಿ ರೂಪಿಸುವ ಕೋಣೆಯಲ್ಲಿ ಕೇಳಲು ಜಾಗವಿರಲಿಲ್ಲ, ಆದ್ದರಿಂದ ಅದು ಪಾಲಿಕೆಯ ನೋಟಿಸಿನ ಮೂಲಕ ಹೊರಬಂತು.

ಕಾನೂನು ಓದುವವರು ಒಂದನ್ನು ಗಮನಿಸಿ. ಅಂತರರಾಷ್ಟ್ರೀಯ ಕಾನೂನಿನ ಕಣ್ಣಿಗೆ ಪಾಲಿಕೆ, ರಾಜ್ಯ ಸರ್ಕಾರ, ಹೈಕೋರ್ಟು ಎಂಬ ಭೇದವಿಲ್ಲ. ಯಾರು ಏನು ಮಾಡಿದರೂ ಮಾಡಿದ್ದು ಭಾರತ. ನ್ಯಾಯಾಲಯದ ವಿಳಂಬ ಕೂಡ ಭಾರತದ್ದೇ. ಇದನ್ನು ನಾವು ಕಲಿತದ್ದು 2011ರಲ್ಲಿ, ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾದ ಕಂಪನಿಯ ಮೊಕದ್ದಮೆಯಲ್ಲಿ.

ಆ ಕಂಪನಿ 1989ರಲ್ಲಿ ಕೋಲ್ ಇಂಡಿಯಾ ಜತೆ ಪಿಪರ್ವಾರ್ ಕಲ್ಲಿದ್ದಲು ಗಣಿಯ ಕರಾರು ಮಾಡಿಕೊಂಡಿತು. ಜಗಳವಾಯಿತು. 2002ರಲ್ಲಿ ಮಧ್ಯಸ್ಥಿಕೆ ಮಂಡಳಿ (ನ್ಯಾಯಾಲಯದ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಂಡಳಿ) ಕಂಪನಿಗೆ 40 ಲಕ್ಷ ಆಸ್ಟ್ರೇಲಿಯನ್ ಡಾಲರಿನಷ್ಟು ಹಣ ಕೊಡಿಸಿತು. ಕೋಲ್ ಇಂಡಿಯಾ ಆ ತೀರ್ಪನ್ನು ಕಲ್ಕತ್ತಾ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ವರ್ಷಗಳು ಉರುಳಿದವು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮನೆಗಳ ಪಾಲಿನ ವ್ಯಾಜ್ಯಗಳು ಇದಕ್ಕಿಂತ ಹೆಚ್ಚು ಕಾಲ ನಡೆದಿವೆ. ಆದರೆ ಆಸ್ಟ್ರೇಲಿಯಾ ಜತೆ ನಾವು 1999ರಲ್ಲಿ ಹೂಡಿಕೆ ಒಪ್ಪಂದ ಮಾಡಿಕೊಂಡಿದ್ದೆವು. ಇಂಥ ಒಪ್ಪಂದವಿದ್ದರೆ ಆ ದೇಶದ ಹೂಡಿಕೆದಾರ ನಮ್ಮ ಸರ್ಕಾರವನ್ನೇ ಅಂತರರಾಷ್ಟ್ರೀಯ ಮಂಡಳಿಯ ಮುಂದೆ ನಿಲ್ಲಿಸಬಹುದು. ಹೂಡಿಕೆದಾರನಿಗೆ ಪರಿಣಾಮಕಾರಿಯಾದ ನ್ಯಾಯಮಾರ್ಗ ಒದಗಿಸುತ್ತೇವೆ ಎಂಬ ವಾಕ್ಯ ಅದರಲ್ಲಿ ಇರಲಿಲ್ಲ. ಅದು ಇದ್ದದ್ದು ಕುವೈತ್ ಜತೆಗಿನ ಒಪ್ಪಂದದಲ್ಲಿ. ಇನ್ನೊಬ್ಬರಿಗೆ ಕೊಟ್ಟ ಸವಲತ್ತನ್ನು ನಮಗೂ ಕೊಡಬೇಕು ಎಂಬ ಕಲಮಿನ ಮೂಲಕ ಕಂಪನಿ ಆ ವಾಕ್ಯವನ್ನು ಎಳೆದು ತಂದಿತು. 2011ರ ನವೆಂಬರ್‌ನಲ್ಲಿ ಭಾರತ ಸೋತಿತು. ಹೂಡಿಕೆ ಒಪ್ಪಂದವೊಂದರ ಅಡಿಯಲ್ಲಿ ನಮ್ಮ ವಿರುದ್ಧ ಹೀಗೆ ಹೊರಬಂದ ಮೊದಲ ತೀರ್ಪು ಅದು. 1994ರಲ್ಲಿ ಬ್ರಿಟನ್ನಿನಿಂದ ಶುರುಮಾಡಿ ಒಂದರ ಹಿಂದೊಂದು ಒಪ್ಪಂದಗಳಿಗೆ ಸಹಿ ಹಾಕಿದಾಗ, ಕುವೈತಿಗೆ ಕೊಟ್ಟ ಮಾತು ಕೋಲ್ಕತ್ತದ ನ್ಯಾಯಾಲಯದ ವಿಳಂಬಕ್ಕೆ ತಗುಲಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ.

ಮುಂದಿನದು ವೊಡಾಫೋನ್. 2007ರಲ್ಲಿ ಅದು ಹಚ್ ಮೊಬೈಲ್ ವ್ಯವಹಾರವನ್ನು ಸುಮಾರು 1,100 ಕೋಟಿ ಡಾಲರಿಗೆ ಕೊಂಡಿತು. ಕೊಂಡದ್ದು ಏನು ಗೊತ್ತೇ? ಕೇಮನ್ ದ್ವೀಪಗಳಲ್ಲಿ ನೋಂದಣಿಯಾದ ಸಿಜಿಪಿ ಎಂಬ ಕಂಪನಿಯ ಒಂದೇ ಒಂದು ಷೇರು. ಕಂಪನಿಯೊಳಗೊಂದು ಕಂಪನಿ ಎಂದು ಎಳೆ ಹಿಡಿದು ಬಂದರೆ, ಕೊನೆಗೆ ಸಿಗುವುದು ನಮ್ಮ ಊರುಗಳ ಟವರ್‌ಗಳು, ನಮ್ಮ ಜೇಬಿನ ಸಿಮ್‌ಗಳು. ಆಸ್ತಿ ಇಲ್ಲಿದೆ, ಕೈಬದಲಾದದ್ದು ಅಲ್ಲಿ. ತೆರಿಗೆ ಇಲಾಖೆ 11,000 ಕೋಟಿ ರೂಪಾಯಿಗೂ ಹೆಚ್ಚು ಕೇಳಿತು. ನನ್ನ ಅಭಿಪ್ರಾಯ ಕೇಳಿದರೆ, ಈ ವ್ಯವಹಾರಕ್ಕೆ ತೆರಿಗೆ ಇರಬೇಕಾದದ್ದು ನ್ಯಾಯ. ಆದರೆ ಅಂದಿನ ಕಾಯ್ದೆಯಲ್ಲಿ ಅದು ಇರಲಿಲ್ಲ. 2012ರ ಜನವರಿ 20ರಂದು ಸುಪ್ರೀಂ ಕೋರ್ಟು ಹಾಗೆಯೇ ಹೇಳಿತು. ಆಗ ಸರ್ಕಾರ ಮಾಡಬಹುದಾಗಿದ್ದದ್ದು ಮುಂದಿನ ವ್ಯವಹಾರಗಳಿಗೆ ಅನ್ವಯಿಸುವಂತೆ ಕಾಯ್ದೆ ತಿದ್ದುವುದು. ಮಾಡಿದ್ದು 1962ರಿಂದಲೇ ಜಾರಿಯಲ್ಲಿತ್ತು ಎಂಬಂತೆ ತಿದ್ದುಪಡಿ ತರುವುದು. ನಮ್ಮದೇ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದವನಿಗೆ, ನೀನು ಐವತ್ತು ವರ್ಷದ ಹಿಂದೆಯೇ ಸೋತಿದ್ದೆ ಎಂದ ಹಾಗಾಯಿತು.

2020ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಂಡಳಿ ವೊಡಾಫೋನ್ ಪರ ತೀರ್ಪು ಕೊಟ್ಟಿತು. ಡಿಸೆಂಬರ್‌ನಲ್ಲಿ ಇದೇ ತಿದ್ದುಪಡಿಯ ತೆರಿಗೆ ವಿವಾದದಲ್ಲಿ ಕೇರ್ನ್ ಎಂಬ ಇನ್ನೊಂದು ಕಂಪನಿಗೆ 120 ಕೋಟಿ ಡಾಲರ್. ಕೇರ್ನ್ ಆ ತೀರ್ಪನ್ನು ಹಿಡಿದುಕೊಂಡು ಪ್ಯಾರಿಸ್ಸಿನಲ್ಲಿದ್ದ ಭಾರತ ಸರ್ಕಾರದ ಸುಮಾರು 20 ಆಸ್ತಿಗಳ ಮೇಲೆ ತಡೆ ತಂದಿತು. 2021ರ ಆಗಸ್ಟ್‌ನಲ್ಲಿ ಸಂಸತ್ತು ಪೂರ್ವಾನ್ವಯ ತೆರಿಗೆಯನ್ನು ಕೈಬಿಟ್ಟು, ವಸೂಲಾದದ್ದನ್ನು ಹಿಂದಿರುಗಿಸಲು ಒಪ್ಪಿತು. ಕೇರ್ನ್‌ಗೆ ಸುಮಾರು 7,900 ಕೋಟಿ ರೂಪಾಯಿ ವಾಪಸ್ ಹೋಯಿತು.

ಇಷ್ಟಾದರೂ ನನ್ನನ್ನು ಹೆಚ್ಚು ಕಾಡುವುದು ಬೆಂಗಳೂರಿನಲ್ಲೇ ಹುಟ್ಟಿದ ದೇವಾಸ್ ಪ್ರಕರಣ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಇಸ್ರೋದ ವಾಣಿಜ್ಯ ಅಂಗ ಆ್ಯಂಟ್ರಿಕ್ಸ್. ದೇವಾಸ್ ಮಲ್ಟಿಮೀಡಿಯಾ ಕಂಪನಿ ನೋಂದಣಿಯಾದದ್ದು 2004ರ ಡಿಸೆಂಬರ್ 17ರಂದು. 2005ರ ಜನವರಿ 28ರಂದು, ಅಂದರೆ ಒಂದೂವರೆ ತಿಂಗಳೂ ತುಂಬುವ ಮೊದಲು, ಇಬ್ಬರ ನಡುವೆ ಕರಾರಾಯಿತು. ಇಸ್ರೋ ಜಿಸ್ಯಾಟ್-6, ಜಿಸ್ಯಾಟ್-6ಎ ಎಂಬ ಎರಡು ಉಪಗ್ರಹಗಳನ್ನು ಕಟ್ಟಬೇಕು. ಅವುಗಳಲ್ಲಿ 70 ಮೆಗಾಹರ್ಟ್ಸ್ ಎಸ್-ಬ್ಯಾಂಡ್ ತರಂಗಾಂತರದ ಸಾಮರ್ಥ್ಯವನ್ನು ದೇವಾಸ್‌ಗೆ 12 ವರ್ಷ ಗುತ್ತಿಗೆ ಕೊಡಬೇಕು. ಮೊಬೈಲಿಗೆ ನೇರವಾಗಿ ವಿಡಿಯೊ, ಇಂಟರ್ನೆಟ್ ಕೊಡುವುದು ಯೋಜನೆ. ವಿದೇಶಿ ಹಣ ಮಾರಿಷಸ್ ಮೂಲಕ ಬಂತು, ಜರ್ಮನಿಯ ಡಾಯ್ಚ ಟೆಲಿಕಾಂ ಕಡೆಯಿಂದಲೂ ಬಂತು. ಅದಕ್ಕೆಲ್ಲ ವಿದೇಶಿ ಹೂಡಿಕೆಗೆ ಒಪ್ಪಿಗೆ ಕೊಡುತ್ತಿದ್ದ ಕೇಂದ್ರ ಸರ್ಕಾರದ ಮಂಡಳಿಯ ಅನುಮತಿಯೂ ಸಿಕ್ಕಿತು. ಆದರೆ ಜಿಸ್ಯಾಟ್-6 ಕಟ್ಟಲು ಸಚಿವ ಸಂಪುಟದ ಒಪ್ಪಿಗೆ ಕೇಳಿದಾಗ, ಮುಂದಿಟ್ಟ ಟಿಪ್ಪಣಿಯಲ್ಲಿ ಈ ಕರಾರಿನ ಪ್ರಸ್ತಾಪವೇ ಇರಲಿಲ್ಲ. ಸಂಪುಟಕ್ಕೇ ಗೊತ್ತಿಲ್ಲದ ಮೇಲೆ ಕೇಳುವವರು ಯಾರು? ರಕ್ಷಣಾ ಪಡೆಗಳಿಗೆ ಈ ತರಂಗಾಂತರ ಬೇಕೇ? ಹರಾಜಿಲ್ಲದೆ ಕೊಡಬಹುದೇ? ಕಂಪನಿಯ ಬಳಿ ಆ ತಂತ್ರಜ್ಞಾನ ನಿಜಕ್ಕೂ ಇದೆಯೇ? 2005ರಲ್ಲಿ ಕೇಳಬೇಕಿದ್ದ ಈ ಮೂರು ಪ್ರಶ್ನೆಗಳನ್ನು ನಾವು ಕೇಳಿದ್ದು 2011ರಲ್ಲಿ, 2ಜಿ ತರಂಗಾಂತರ ಹಂಚಿಕೆ ಹಗರಣದ ಗದ್ದಲದ ನಡುವೆ. ಆ ಫೆಬ್ರುವರಿಯಲ್ಲಿ ಕರಾರು ರದ್ದಾಯಿತು.

ಆಮೇಲೆ ಬಂದ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2015ರಲ್ಲಿ ಕರಾರಿನ ಅಡಿಯ ಮಧ್ಯಸ್ಥಿಕೆ ಮಂಡಳಿ ಆ್ಯಂಟ್ರಿಕ್ಸ್ 56.25 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕೆಂದಿತು. ಮಾರಿಷಸ್ ಒಪ್ಪಂದದ ಅಡಿಯಲ್ಲಿ ಕೂತ ಮಂಡಳಿ, ತರಂಗಾಂತರದ ಶೇ 60 ಭಾಗ ದೇಶದ ಭದ್ರತೆಗೆ ಬೇಕಾದದ್ದು, ಅದರ ಮಟ್ಟಿಗೆ ಭಾರತ ಮಾಡಿದ್ದು ಸರಿ, ಉಳಿದ ಶೇ 40ಕ್ಕೆ ಪರಿಹಾರ ಕೊಡಬೇಕು ಎಂದಿತು. ಜರ್ಮನಿಯ ಒಪ್ಪಂದದ ಅಡಿಯ ಮಂಡಳಿ ಭದ್ರತೆಯ ವಾದವನ್ನು ಒಪ್ಪಲೇ ಇಲ್ಲ. ಅದೇ ಉಪಗ್ರಹ, ಅದೇ ರದ್ದತಿ ಆದೇಶ. ಒಪ್ಪಂದದ ಮಾತು ಬೇರೆ, ಕೂತವರು ಬೇರೆ, ಉತ್ತರ ಬೇರೆ. ಒಂದು ಸಾರ್ವಭೌಮ ದೇಶದ ಭದ್ರತೆಯ ತೀರ್ಮಾನವನ್ನು ಹೀಗೆ ಮೂವರು ಮೂವರ ಮಂಡಳಿಗಳ ಮುಂದೆ ಇಡಬೇಕಾಗಿ ಬಂದದ್ದು ನನಗೆ ಸಹಿಸಲಾಗದ ಸಂಗತಿ. ಆದರೆ ಆ ಮಂಡಳಿಗಳಿಗೆ ಅಧಿಕಾರ ಕೊಟ್ಟು ಸಹಿ ಹಾಕಿದವರು ನಾವೇ.

ನಮ್ಮ ದೇಶದೊಳಗೆ ಕಥೆ ಇನ್ನೊಂದು ದಿಕ್ಕಿಗೆ ಹೋಯಿತು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದೇವಾಸ್ ಹುಟ್ಟಿದ್ದೇ ವಂಚನೆಯ ಉದ್ದೇಶದಿಂದ ಎಂದು ಹೇಳಿ ಅದನ್ನು ಮುಚ್ಚಿಸಲು ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ತಂದ 579 ಕೋಟಿ ರೂಪಾಯಿಯಲ್ಲಿ ಶೇ 85ರಷ್ಟು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಹೊರಗೆ ಹೋಗಿತ್ತು ಎಂಬುದೂ ಆ ತೀರ್ಪಿನಲ್ಲಿದೆ. ಅದೇ ವರ್ಷ ದೆಹಲಿ ಹೈಕೋರ್ಟು 2015ರ ಮಧ್ಯಸ್ಥಿಕೆ ತೀರ್ಪನ್ನು ರದ್ದು ಮಾಡಿತು. ಆದರೆ ನಮ್ಮಲ್ಲಿ ರದ್ದಾದದ್ದು ಹೊರಗೆ ತಾನಾಗಿ ರದ್ದಾಗುವುದಿಲ್ಲ. ಕೆನಡಾದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಬರಬೇಕಿದ್ದ ಹಣದ ಮೇಲೆ ಜಪ್ತಿ ಬಿತ್ತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು ಆ್ಯಂಟ್ರಿಕ್ಸ್ ವಿರುದ್ಧದ ದಾವೆಗೆ ಅಲ್ಲಿನ ನ್ಯಾಯಾಲಯಗಳ ಬಾಗಿಲು ಮತ್ತೆ ತೆರೆಯಿತು. ವಂಚನೆ ನಡೆದಿತ್ತು ಎಂದ ಮೇಲೆ, ಅದು ಹಣ ಒಳಗೆ ಬರುವಾಗಲೇ, ಅನುಮತಿ ಕೊಡುವ ಮೇಜಿನ ಮೇಲೆಯೇ ಕಾಣಬೇಕಿತ್ತಲ್ಲವೇ? ಹದಿನಾರು ವರ್ಷದ ನಂತರ ಅದನ್ನು ಕಂಡುಹಿಡಿದಾಗ ಹೊರಗಿನ ನ್ಯಾಯಾಧೀಶ ಅನುಮಾನದಿಂದ ನೋಡಿದರೆ, ನಾವು ಅವನನ್ನು ದೂರುವಂತಿಲ್ಲ.

ಸೋಲಿನಿಂದ ಸರ್ಕಾರ ಪಾಠ ಕಲಿಯಲಿಲ್ಲ ಎನ್ನಲಾರೆ. 2015ರ ಡಿಸೆಂಬರ್‌ನಲ್ಲಿ ಹೊಸ ಮಾದರಿ ಒಪ್ಪಂದ ಸಿದ್ಧವಾಯಿತು. ಇನ್ನೊಬ್ಬರ ಸವಲತ್ತು ಎಳೆದು ತರುವ ಕಲಮು ಹೋಯಿತು, ತೆರಿಗೆ ಹೊರಗುಳಿಯಿತು, ಹೂಡಿಕೆದಾರ ಐದು ವರ್ಷ ಭಾರತದ ನ್ಯಾಯಾಲಯಗಳಲ್ಲಿ ಪ್ರಯತ್ನಿಸಿ ಆಮೇಲೆ ಮಧ್ಯಸ್ಥಿಕೆಗೆ ಹೋಗಬೇಕು ಎಂದಾಯಿತು. ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು ಮುಗಿಸುತ್ತೇವೆಂದು ಆಯಾ ದೇಶಗಳಿಗೆ ನೋಟಿಸ್ ಹೋಯಿತು. ಇದರಲ್ಲಿ ಬಹಳಷ್ಟು ಸರಿ. ಐದು ವರ್ಷದ ಶರತ್ತು ಮಾತ್ರ ನಮ್ಮ ನ್ಯಾಯಾಲಯಗಳ ವೇಗ ಗೊತ್ತಿರುವ ಯಾರಿಗೂ ಪ್ರಾಮಾಣಿಕವೆನಿಸುವುದಿಲ್ಲ. 2024ರಲ್ಲಿ ಯುಎಇ ಜತೆ ಮಾಡಿಕೊಂಡ ಒಪ್ಪಂದದಲ್ಲಿ ಅದು ಮೂರು ವರ್ಷಕ್ಕಿಳಿದಿದೆ. ನ್ಯಾಯಾಲಯಗಳಿಗೆ ನ್ಯಾಯಾಧೀಶರನ್ನು ಕೊಟ್ಟು ವಾಣಿಜ್ಯ ವ್ಯಾಜ್ಯಗಳನ್ನು ಎರಡು ವರ್ಷದಲ್ಲಿ ಮುಗಿಸಿದರೆ ಈ ಅಂಕಿಯ ಚೌಕಾಸಿಯೇ ಬೇಕಿಲ್ಲ. ಅದರಿಂದ ಹೊರಗಿನವನಿಗಿಂತ ಹೆಚ್ಚು ಲಾಭ ನಮ್ಮ ಸಣ್ಣ ವ್ಯಾಪಾರಿಗೆ.

ಬಾಗಿಲಲ್ಲೇ ಬೇಡ ಎಂದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2010ರ ಹೂಡಿಕೆದಾರರ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಜತೆ ಉಕ್ಕಿನ ಕಾರ್ಖಾನೆಗೆ ಒಡಂಬಡಿಕೆಯಾಯಿತು. ವರ್ಷಕ್ಕೆ 60 ಲಕ್ಷ ಟನ್, 32,000 ಕೋಟಿ ರೂಪಾಯಿಯ ಯೋಜನೆ. ಜಾಗ ಗದಗ ಜಿಲ್ಲೆಯ ಹಳ್ಳಿಗುಡಿ. ಎರೆಮಣ್ಣಿನ ಬೇಸಾಯದ ಭೂಮಿ. ಜನ ಒಪ್ಪಲಿಲ್ಲ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜತೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನದಿಂದ ಹಿಂದೆ ಸರಿಯಿತು. 2013ರಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ಆ ಕಾರ್ಖಾನೆ ಬರಬೇಕಿತ್ತು ಎನ್ನುವವರು ನಿಮ್ಮಲ್ಲೂ ಇರಬಹುದು, ಅವರ ವಾದಕ್ಕೆ ಗೌರವವಿದೆ. ಕಾನೂನಿನ ಲೆಕ್ಕ ಮಾತ್ರ ನೋಡಿ: ನಮ್ಮ ಒಪ್ಪಂದಗಳು ಸಾಮಾನ್ಯವಾಗಿ ರಕ್ಷಿಸುವುದು ಹೂಡಿಯಾದ ಹಣವನ್ನು, ಬರಬೇಕೆಂದಿರುವ ಹಣವನ್ನಲ್ಲ. ಅದಕ್ಕೇ ಹಳ್ಳಿಗುಡಿಯ ಸಲುವಾಗಿ ಭಾರತ ಯಾವ ಅಂತರರಾಷ್ಟ್ರೀಯ ಮಂಡಳಿಯ ಮುಂದೆಯೂ ನಿಲ್ಲಬೇಕಾಗಲಿಲ್ಲ. ಇದೇ ಜಮೀನಿನಲ್ಲಿ ಕುಲುಮೆ ಎದ್ದ ಮೇಲೆ ನಿಲ್ಲಿಸಿದ್ದರೆ ಚಿತ್ರ ಬೇರೆಯಾಗಿರುತ್ತಿತ್ತು, ಆಗ ಮಂಡಳಿಯ ಮುಂದೆ ಕಂಪನಿಗೆ ಕುರ್ಚಿ ಇರುತ್ತಿತ್ತು, ಸರ್ಕಾರಕ್ಕೆ ಇರುತ್ತಿತ್ತು, ರೈತನಿಗೆ ಇರುತ್ತಿರಲಿಲ್ಲ.

ಹಾಗಾದರೆ ಬಾಗಿಲಲ್ಲಿ ನಿಂತು ಕೇಳುವವರು ಯಾರಾಗಬೇಕು? ನಮ್ಮ ಸಂವಿಧಾನದ ವ್ಯವಸ್ಥೆಯಲ್ಲಿ ವಿದೇಶಿ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಕೇಂದ್ರ ಸರ್ಕಾರ ಸಹಿ ಹಾಕಿದರೆ ಸಾಕು. ಹೂಡಿಕೆ ಒಪ್ಪಂದಗಳೆಲ್ಲ ಹಾಗೇ ಬಂದವು. ಸಂಸತ್ತಿನ ವಿದೇಶಾಂಗ ಸ್ಥಾಯಿ ಸಮಿತಿ ಇವುಗಳ ಬಗ್ಗೆ ವರದಿ ಕೊಟ್ಟದ್ದು 2021ರಲ್ಲಿ, ವೊಡಾಫೋನ್, ಕೇರ್ನ್ ಎರಡೂ ಮೊಕದ್ದಮೆಗಳಲ್ಲಿ ಭಾರತ ಸೋತ ಮೇಲೆ. ಭೂಮಿ ರಾಜ್ಯದ ವಿಷಯ, ನೀರು ರಾಜ್ಯದ್ದು, ಒಪ್ಪಂದ ಕೇಂದ್ರದ್ದು. ಸಹಿ ಹಾಕುವಾಗ ರಾಜ್ಯಗಳನ್ನು ಕೇಳಲೇಬೇಕೆಂಬ ನಿಯಮವಿಲ್ಲ. ಐರೋಪ್ಯ ಒಕ್ಕೂಟದ ಜತೆ ಹೂಡಿಕೆ ರಕ್ಷಣೆಯ ಮಾತುಕತೆ 2022ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಇಂಥ ಒಪ್ಪಂದದ ಕರಡು ಸಹಿಗೆ ಮುನ್ನ ಆ ಸಮಿತಿಯ ಮುಂದೆ ಬರಬೇಕು, ರಾಜ್ಯಗಳಿಗೂ ಹೋಗಬೇಕು ಎಂದು ನಿಮ್ಮ ಸಂಸದರಿಗೆ ಬರೆಯಿರಿ. ನಿಮ್ಮ ಶಾಸಕರನ್ನು ಕೇಳಬೇಕಾದದ್ದು ಇನ್ನೊಂದಿದೆ: ನಮ್ಮ ರಾಜ್ಯ ಮಾಡಿಕೊಳ್ಳುವ ಒಡಂಬಡಿಕೆಗಳಲ್ಲಿ ಯಾವ ಕಂಪನಿಗೆ ಎಷ್ಟು ಎಕರೆ, ಎಷ್ಟು ನೀರು, ಎಷ್ಟು ವರ್ಷದ ತೆರಿಗೆ ರಿಯಾಯಿತಿ ಎಂಬುದನ್ನು ಜಮೀನಿನ ನೋಟಿಸ್ ಹೊರಡುವ ಮೊದಲು ಸದನದಲ್ಲಿ ಮಂಡಿಸಬೇಕು ಎಂದು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ಮುಂದಿನ ಅಧಿವೇಶನದಲ್ಲೇ ಕೇಳಬಹುದು.